ಹಡೆದವರು ಬಾಯಿಬಿಟ್ಟರೆ ಅರ್ಧ ಜಗಳ ಮುಗಿದಂತೆ
ಎರಡನೇ ಸಂಸಾರದಲ್ಲಿ ಹರೆಯದ ಮಕ್ಕಳ ಜೊತೆ ಬಾಳುವ ಬಗೆ

ರಬಕವಿ–ಬನಹಟ್ಟಿಯ ಒಂದು ಮಗ್ಗದ ಮನೆ ಎಂದುಕೊಳ್ಳಿ. ರಾತ್ರಿ ಹತ್ತು ಗಂಟೆ. ಎಸ್ಸೆಸ್ಸೆಲ್ಸಿ ಓದುವ ಹುಡುಗ ಗೋಡೆಗೆ ಒರಗಿ ಮೊಬೈಲ್ ನೋಡುತ್ತ ಕೂತಿದ್ದಾನೆ. ಅವನ ಅಪ್ಪ ಎರಡನೇ ಮದುವೆಯಾಗಿ ಕರೆತಂದ ಹೆಣ್ಣುಮಗಳು, "ಸಾಕ್ ಮಾಡಪಾ, ಪರೀಕ್ಷಾ ಬಂತು" ಅನ್ನುತ್ತಾಳೆ. ಹುಡುಗ ತಲೆ ಎತ್ತದೆಯೇ, "ನೀ ಯಾರ ನನಗ ಹೇಳಾಕ?" ಅನ್ನುತ್ತಾನೆ. ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಅಜ್ಜಿ, "ತಾಯಿ ಇಲ್ಲದ ಕೂಸು, ಯಾಕ ಬೆನ್ನ ಹತ್ತೀರಿ" ಎಂದು ನಡುವೆ ಬರುತ್ತಾಳೆ. ಅಪ್ಪ ಮಗ್ಗದ ಮುಂದಿದ್ದಾನೆ. ಅವನಿಗೆ ಎಲ್ಲವೂ ಕೇಳಿಸಿದೆ. ಆದರೂ ಅವನು ಮಗ್ಗ ನಿಲ್ಲಿಸುವುದಿಲ್ಲ, ತುಟಿ ಬಿಚ್ಚುವುದಿಲ್ಲ.

ಹೆಸರು ಬದಲಿಸಿದರೆ ಇದು ಜಮಖಂಡಿಯ ತೋಟದ ಮನೆಯಲ್ಲಿ, ಮುಧೋಳದ ಬಾಡಿಗೆ ಮನೆಯಲ್ಲಿ, ಬೀಳಗಿಯ ಪುನರ್ವಸತಿ ಕೇಂದ್ರದಲ್ಲಿ ನಡೆಯಬಹುದಾದ ಜಗಳವೇ. ನೆರೆಯವರು ಹುಡುಗನನ್ನೋ ಹೊಸಬಳನ್ನೋ ದೂರುತ್ತಾರೆ. ಈ ಲೇಖನ ಹೇಳಬೇಕೆಂದಿರುವುದು ಬೇರೆ. ಇಂಥ ಜಗಳ ಬೆಳೆಯುವುದೂ ಇಳಿಯುವುದೂ ಹೆಚ್ಚಾಗಿ ಮೂರನೆಯವರ ಕೈಯಲ್ಲಿದೆ. ಮಗುವಿಗೆ ಹಡೆದವರು, ಹೊಸಬರಿಗೆ ಬಾಳಸಂಗಾತಿ ಆದ ಆ ನಡುವಿನವರು ಸುಮ್ಮನಿದ್ದಷ್ಟು ದಿನ ಉಳಿದಿಬ್ಬರೂ ಕಾದಾಡುತ್ತಲೇ ಇರುತ್ತಾರೆ.

ಇಂಥ ಮನೆಗಳು ನಮಗೆ ಹೊಸವಲ್ಲ

ವಿಧವೆಯರ ಮರುಮದುವೆಗೆ ಬ್ರಿಟಿಷ್ ಸರಕಾರ 1856ರಲ್ಲಿ ಕಾಯ್ದೆ ತರುವ ಮೊದಲೇ ನಮ್ಮ ಭಾಗದ ಅನೇಕ ಸಮುದಾಯಗಳಲ್ಲಿ ಉಡಿಕಿ ಎಂಬ ಮರುಮದುವೆ ನಡೆಯುತ್ತಿತ್ತು. ಹೆಂಡತಿ ತೀರಿಕೊಂಡವರು ಮಕ್ಕಳ ಪಾಲನೆಗೆಂದು ಮತ್ತೆ ಮದುವೆಯಾಗುವುದು ಎಲ್ಲ ಜಾತಿಗಳಲ್ಲೂ ಇತ್ತು. ಆದರೆ ಆಗ ಮನೆ ತುಂಬ ಜನ. ಹೊಸ ತಾಯಿಯ ಜೊತೆ ಮಗುವಿಗೆ ಸರಿಬರದಿದ್ದರೆ ದೊಡ್ಡವ್ವನ ಪಕ್ಕ ಉಣ್ಣುತ್ತಿತ್ತು, ಅಜ್ಜನ ಹಾಸಿಗೆಯಲ್ಲಿ ಮಲಗುತ್ತಿತ್ತು, ಕಾಕಾನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಈಗ ಮೂರು–ನಾಲ್ಕು ಜನರ ಸಣ್ಣ ಮನೆ. ಮುನಿಸಿಕೊಂಡವರಿಗೆ ಸರಿದು ನಿಲ್ಲಲು ಇನ್ನೊಂದು ಕೋಣೆಯೂ ಇರುವುದಿಲ್ಲ. ಸಾವಿನ ಜೊತೆಗೆ ವಿಚ್ಛೇದನವೂ ಸೇರಿಕೊಂಡಿದೆ. ಮಗುವಿನ ಇನ್ನೊಬ್ಬ ಹಡೆದವರು ಪಕ್ಕದ ಊರಲ್ಲೇ ಬದುಕಿರುವ ಮನೆಗಳೂ ಇವೆ.

ಹರೆಯದ ಮಗುವಿನ ಒಳಗೆ ಏನು ನಡೆದಿದೆ

ಹುಡುಗನ ಒರಟುತನವನ್ನು ಸೊಕ್ಕು ಎಂದು ಕರೆಯುವುದು ಸುಲಭ. ಅದರ ಕೆಳಗೆ ಸಾಮಾನ್ಯವಾಗಿ ಮೂರು ಸಂಗತಿಗಳಿರುತ್ತವೆ.

ಮೊದಲನೆಯದು ದುಃಖ. ದೊಡ್ಡವರ ಪಾಲಿಗೆ ಎರಡನೇ ಮದುವೆ ಹೊಸ ಆರಂಭ. ಮಗುವಿನ ಪಾಲಿಗೆ ಅದು ಹಳೆಯ ಮನೆ ಇನ್ನು ಮರಳಿ ಬರುವುದಿಲ್ಲ ಎಂಬ ಖಚಿತ ಸುದ್ದಿ. ಆ ನೋವಿಗೆ ಹರೆಯದಲ್ಲಿ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ಎರಡನೆಯದು ನಿಷ್ಠೆ. "ಇವಳನ್ನು ಹಚ್ಚಿಕೊಂಡರೆ ನಮ್ಮವ್ವನಿಗೆ ಮೋಸ ಮಾಡಿದಂತೆ" ಎಂಬ ಭಾವ. ಹೊಸಬರು ಎಷ್ಟು ಒಳ್ಳೆಯವರೋ ಈ ಸಂಕಟ ಅಷ್ಟು ಜಾಸ್ತಿ. ಹೊಸ ತಾಯಿ ಅಕ್ಕರೆಯಿಂದ ಮಾಡಿಕೊಟ್ಟ ಹೋಳಿಗೆಯನ್ನು ಹುಡುಗಿ ಮುಟ್ಟದೆ ಎದ್ದುಹೋದರೆ ತಿರಸ್ಕಾರವೆಂದು ತಿಳಿಯಬೇಡಿ. ಅದು ಅವಳಿಗೆ ಇಷ್ಟವಾಗಿರಬಹುದು, ಆ ಇಷ್ಟಕ್ಕೇ ಅವಳು ಹೆದರಿರಬಹುದು.

ಮೂರನೆಯದನ್ನು ನಾವು ಗಮನಿಸುವುದೇ ಕಡಿಮೆ. ಮಗುವಿಗೆ ಮನೆಯಲ್ಲಿದ್ದ ಸ್ಥಾನ ಹೋಗಿರುತ್ತದೆ. ತಾಯಿ ಸತ್ತ ಮೇಲೆ ಎರಡು–ಮೂರು ವರ್ಷ ಹದಿನಾಲ್ಕರ ಹುಡುಗಿಯೇ ರೊಟ್ಟಿ ಬಡಿದು, ತಮ್ಮನನ್ನು ಶಾಲೆಗೆ ಕಳಿಸಿ, ಅಪ್ಪನ ಬುತ್ತಿ ಕಟ್ಟಿರುತ್ತಾಳೆ. ಅಪ್ಪ ಸತ್ತ ಮನೆಯಲ್ಲಿ ಹದಿನಾರರ ಹುಡುಗನೇ ಗೊಬ್ಬರ ತಂದು, ನೀರು ಹಾಯಿಸಿ, ಕಬ್ಬಿನ ಬಿಲ್ ಬಂತೋ ಇಲ್ಲವೋ ಎಂದು ಅವ್ವನ ಜೊತೆ ಬ್ಯಾಂಕಿಗೆ ಅಲೆದಿರುತ್ತಾನೆ. ಒಂದು ದಿನ ಹೊಸಬರು ಬರುತ್ತಾರೆ, "ಇನ್ನ ಮ್ಯಾಲ ನಾ ನೋಡ್ಕೋತೀನಿ, ನೀ ಓದು" ಅನ್ನುತ್ತಾರೆ. ಅವರಿಗೆ ಅದು ಉಪಕಾರ, ಮಗುವಿಗೆ ಪದಚ್ಯುತಿ. ಆದ್ದರಿಂದ ಹೊಣೆಗಳನ್ನು ಒಮ್ಮೆಲೇ ಕಿತ್ತುಕೊಳ್ಳಬೇಡಿ. "ನಿಮ್ಮ ಮನ್ಯಾಗ ಸಾರಿಗೆ ಖಾರ ಎಷ್ಟ ಹಾಕ್ತಿದ್ರಿ?" "ಯಾವ ಮಡಿಗೆ ಮೊದಲ ನೀರ ಬಿಡ್ತೀರಿ?" ಎಂದು ಕೇಳಿ ಕಲಿಯಿರಿ. ಗೊತ್ತಿರುವವರು ಅವರೇ.

ಇದರ ಮೇಲೆ ವಯಸ್ಸಿನ ಮಹಿಮೆ ಬೇರೆ. ಮೆದುಳಿನಲ್ಲಿ ಆವೇಶಕ್ಕೆ ಕಡಿವಾಣ ಹಾಕುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ಮಧ್ಯದಲ್ಲಿ. ಹಡೆದ ತಂದೆತಾಯಿಯ ಜೊತೆಗೂ ಮಕ್ಕಳು ಜಗಳಾಡುವ ಕಾಲ ಇದು. ಎಲ್ಲ ಜಗಳಕ್ಕೂ ಎರಡನೇ ಮದುವೆಯೇ ಕಾರಣ ಎಂದುಕೊಳ್ಳಬೇಕಿಲ್ಲ.

ಎಷ್ಟು ಕಾಲ ಬೇಕು

"ವರ್ಷ ಆತು, ಇನ್ನೂ ಹೊಂದಿಕೊಂಡಿಲ್ಲ" ಎಂದು ಕೈಚೆಲ್ಲುವವರು ಇದನ್ನು ತಿಳಿದಿರಬೇಕು. ಅಮೆರಿಕದ ಟೆಕ್ಸಾಸ್‌ನಲ್ಲಿ ಜೇಮ್ಸ್ ಬ್ರೇ ಎಂಬ ಮನಶ್ಶಾಸ್ತ್ರಜ್ಞ ಇಂಥ ಕುಟುಂಬಗಳನ್ನು 9 ವರ್ಷ ಅಧ್ಯಯನ ಮಾಡಿದರು. ಮೊದಲ ಎರಡು ವರ್ಷ ಅತಿ ಕಷ್ಟದವು, ಆಮೇಲೆ ಒಂದಿಷ್ಟು ಶಾಂತಿ, ಮಕ್ಕಳು ಹರೆಯಕ್ಕೆ ಕಾಲಿಟ್ಟಾಗ ಮತ್ತೆ ಒತ್ತಡ ಎಂಬುದು ಅವರು ಕಂಡ ಚಿತ್ರ. ವರ್ಜೀನಿಯಾ ವಿಶ್ವವಿದ್ಯಾಲಯದ ಮೇವಿಸ್ ಹೆದರಿಂಗ್ಟನ್ ಅವರ ದೀರ್ಘ ಅಧ್ಯಯನ, ಇಂಥ ಮನೆಗಳು ನೆಲೆಗೊಳ್ಳಲು 5ರಿಂದ 7 ವರ್ಷ ಬೇಕೆಂದು ಹೇಳಿತು. ಅಮೆರಿಕದ ಲೆಕ್ಕ ನಮಗೆ ಹಾಗೆಯೇ ಒಪ್ಪದಿರಬಹುದು. ಆದರೂ ತಿಂಗಳ ಲೆಕ್ಕ ಬಿಟ್ಟು ವರ್ಷಗಳ ಲೆಕ್ಕ ಹಾಕಬೇಕು ಎಂಬುದು ಇಲ್ಲಿಗೂ ಸಲ್ಲುತ್ತದೆ. ಹದಿನೈದರ ಹುಡುಗ ಐದು ವರ್ಷದಲ್ಲಿ ಇಪ್ಪತ್ತರವನಾಗುತ್ತಾನೆ. ಅವನು ನಿಮ್ಮನ್ನು "ಅಪ್ಪಾ" ಎನ್ನದೆಯೇ ದೊಡ್ಡವನಾಗಬಹುದು. ಆಗಲಿ. ದೊಡ್ಡವನಾದ ಮೇಲೆ ನಿಮ್ಮನ್ನು ಗೌರವದಿಂದ ನೆನೆದರೆ ಅದು ಸಣ್ಣ ಗೆಲುವಲ್ಲ.

ಉತ್ತಾನಪಾದ ಏನೂ ಅನ್ನಲಿಲ್ಲ

ಧ್ರುವನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅಪ್ಪನ ತೊಡೆ ಏರಲು ಬಂದ ಮಗುವನ್ನು ಮಲತಾಯಿ ಸುರುಚಿ ಜರೆದಳು, ಮಗು ಕಾಡಿಗೆ ಹೋಯಿತು. ಹರಿಕಥೆಗಳಲ್ಲಿ ಎಲ್ಲರೂ ಸುರುಚಿಯನ್ನು ಬೈಯುತ್ತೇವೆ. ಆ ತೊಡೆ ಯಾರದು? ರಾಜ ಉತ್ತಾನಪಾದ ಅಲ್ಲೇ ಕೂತಿದ್ದ. ಹೆಂಡತಿಯ ಮುಖ ನೋಡಿ ಮಗನ ಪರ ಒಂದು ಮಾತು ಆಡಲಿಲ್ಲ. ಸುರುಚಿಯ ಮಾತಿನಷ್ಟೇ ಅಪ್ಪನ ಮೌನವೂ ಮಗುವನ್ನು ಮನೆಯಿಂದ ಹೊರಗಟ್ಟಿತು. ಅತ್ತ ಹಡೆದ ತಾಯಿ ಸುನೀತಿ ಅಳುತ್ತಿದ್ದ ಮಗನಿಗೆ, ಯಾರ ಕೇಡನ್ನೂ ಬಯಸಬೇಡ ಎಂದೇ ಬುದ್ಧಿ ಹೇಳಿದಳು. ಹಡೆದವರು ಹೇಗಿರಬಾರದು, ಹೇಗಿರಬೇಕು ಎಂಬ ಎರಡೂ ಪಾಠ ಆ ಒಂದೇ ಕಥೆಯಲ್ಲಿವೆ.

ನಮ್ಮ ಮನೆಗಳಲ್ಲಿ ನಡುವಿನವರು ಸುಮ್ಮನಾಗುವುದು ಭಯದಿಂದ. ಮಗುವಿನ ಪರ ಮಾತಾಡಿದರೆ ಈ ಸಂಸಾರವೂ ಮುರಿದೀತು, ಸಂಗಾತಿಯ ಪರ ನಿಂತರೆ ಮಗು ದೂರವಾದೀತು ಎಂಬ ಭಯ. ಮೌನಕ್ಕೆ ಎರಡೂ ಕಡೆಯವರು ತಮತಮಗೆ ತೋಚಿದ ಅರ್ಥ ಕೊಡುತ್ತಾರೆ. "ಅಪ್ಪ ಅಕಿ ಕಡೆ ಆದ" ಎಂದು ಮಗ, "ಮಗನ ಮುಂದ ನನಗ ಬೆಲಿ ಇಲ್ಲ" ಎಂದು ಹೆಂಡತಿ. ಹೀಗೆ ಸುಮ್ಮನಿದ್ದವರು ಇಬ್ಬರನ್ನೂ ಕಳೆದುಕೊಳ್ಳುತ್ತಾರೆ.

ಹಾಗಾದರೆ ಏನನ್ನಬೇಕು? ಮಗುವನ್ನು ಒಬ್ಬನನ್ನೇ ಹೊಲಕ್ಕೋ ಪೇಟೆಗೋ ಕರೆದುಕೊಂಡು ಹೋಗಿ, ದಾರಿಯಲ್ಲಿ ಶಾಂತವಾಗಿ ಹೇಳಿ: "ಅಕಿ ನಿಮ್ಮವ್ವ ಅಂತ ನಾ ಹೇಳೂದಿಲ್ಲ. ನಿಮ್ಮವ್ವ ಒಬ್ಬಾಕೀನ. ಆದ್ರ ಅಕಿ ನನ್ನ ಹೆಂಡತಿ, ಈ ಮನಿ ಮನುಷ್ಯಾಳು. ಪ್ರೀತಿ ಮಾಡಂತ ನಿನಗ ಜುಲುಮಿ ಇಲ್ಲ. ಮರ್ಯಾದಿಲೆ ಮಾತಾಡಬೇಕು. ಸಿಟ್ಟು ಬಂದ್ರ ನನ್ನ ಮುಂದ ಹೇಳು, ನಾ ಕೇಳ್ತೀನಿ." ಅದೇ ದಿನ ಸಂಗಾತಿಗೂ ಹೇಳಿ: "ಹುಡುಗನಿಗೆ ಬುದ್ಧಿ ಹೇಳೂದು ನನ್ನ ಕೆಲಸ. ನೀ ಕೆಟ್ಟಾಕಿ ಆಗೂದು ಬ್ಯಾಡ."

ಪ್ರೀತಿಯನ್ನು ಬೇಡಬಾರದು, ಮರ್ಯಾದೆಯನ್ನು ಬಿಡಬಾರದು. ಈ ಗೆರೆ ಎಲ್ಲರಿಗೂ ಸ್ಪಷ್ಟವಾದರೆ ಮನೆಯ ಬಿಸಿ ಒಂದಿಷ್ಟು ತಣಿಯುತ್ತದೆ. ಗೆರೆ ಎರಡೂ ಕಡೆಗೆ ಒಂದೇ. ಹೊಸಬರೂ ಮಗುವಿನ ಮೇಲೆ ಎಲುಬಿಲ್ಲದ ನಾಲಿಗೆ ಹರಿಬಿಡುವಂತಿಲ್ಲ, ಕೈ ಎತ್ತುವಂತಿಲ್ಲ.

ಯಾರ ಕೆಲಸ ಯಾರದು

ಮೊದಲ ಎರಡು ವರ್ಷ ಗದರಿಸುವುದು, ಶಿಕ್ಷಿಸುವುದು, ಮೊಬೈಲ್ ಕಸಿಯುವುದು, ಊರಾಡುವುದಕ್ಕೆ ಅಡ್ಡಿ ಹೇಳುವುದು ಎಲ್ಲವನ್ನೂ ಹಡೆದವರೇ ಮಾಡಬೇಕು. ಇಂಥ ಕುಟುಂಬಗಳ ಜೊತೆ ದಶಕಗಳ ಕಾಲ ಕೆಲಸ ಮಾಡಿದ ಪೆಟ್ರೀಷಿಯಾ ಪೇಪರ್ನೌ ಅವರ ಸಲಹೆಯೂ ಇದೇ: ಹೊಸಬರು ತಿದ್ದಲು ಹೋಗುವ ಮೊದಲು ಬೆಸೆಯಬೇಕು.

ಹೊಸಬರ ಪಾತ್ರ ಮೊದಮೊದಲು ಕಾಕಾನದೋ ಚಿಗವ್ವನದೋ ಇದ್ದಂತಿರಲಿ. ಕಾಕಾ ಮನೆಯ ನಿಯಮ ಗೊತ್ತಿದ್ದವನು, ಮುರಿದರೆ "ನಿಮ್ಮಪ್ಪಗ ಗೊತ್ತೈತೇನು?" ಎಂದು ಕೇಳುವವನು, ತಾನೇ ಬಾರಕೋಲು ಹಿಡಿಯುವವನಲ್ಲ. ಬೆಸೆಯುವುದು ದೊಡ್ಡ ಉಡುಗೊರೆಗಳಿಂದ ಆಗುವುದಿಲ್ಲ. ಹರೆಯದವರು ಅದನ್ನು ಲಂಚವೆಂದೇ ತಿಳಿಯುತ್ತಾರೆ. ಮಗುವಿಗೆ ಮೊದಲೇ ಇಷ್ಟವಿರುವ ಕೆಲಸದಲ್ಲಿ ಪಕ್ಕ ನಿಲ್ಲಿ. ಹುಡುಗ ಕುಸ್ತಿ ನೋಡುವವನಾದರೆ ಜಾತ್ರೆಯ ಕಣಕ್ಕೆ ಜೊತೆಗೆ ಹೋಗಿ. ಮುಧೋಳ ನಾಯಿ ಸಾಕಿದ್ದರೆ ಅದರ ಆರೈಕೆಯ ಬಗ್ಗೆ ಅವನಿಂದಲೇ ಕೇಳಿ ತಿಳಿಯಿರಿ. ಹುಡುಗಿ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವಳಾದರೆ ಬೆಳಗಿನ ಬುತ್ತಿ ಹೊತ್ತಿಗೆ ಸರಿಯಾಗಿ ಸಿದ್ಧವಿರಲಿ. ವಾರದಲ್ಲಿ ಒಂದೆರಡು ಸಲ, ಬುದ್ಧಿಮಾತಿಲ್ಲದ ಇಂಥ ಅರ್ಧ ಗಂಟೆ ಸಾಕು.

ಇದಕ್ಕೆ ನಮ್ಮ ಭಾಗದಲ್ಲಿ ಒಂದು ತೊಡಕಿದೆ. ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರ್ ಹೊಡೆಯುವ ಅಪ್ಪ ರಾತ್ರಿಯಿಡೀ ಕಾರ್ಖಾನೆಯ ಸರದಿಯಲ್ಲಿ ನಿಂತಿರುತ್ತಾನೆ. ಚಳಿಗಾಲದುದ್ದಕ್ಕೂ ಮನೆಯಲ್ಲಿ ಉಳಿಯುವವರು ಹೊಸ ತಾಯಿ ಮತ್ತು ಹರೆಯದ ಮಕ್ಕಳು. ಹಂಗಾಮಿಗೆ ಮೊದಲೇ ಅಪ್ಪ ಎಲ್ಲರನ್ನೂ ಎದುರು ಕೂರಿಸಿಕೊಂಡು ನಿಯಮ ಹೇಳಬೇಕು. ಮನೆ ಸೇರುವ ಹೊತ್ತು, ಮೊಬೈಲ್ ಇಡುವ ಹೊತ್ತು, ಗಾಡಿಯ ಕೀಲಿ ಯಾರ ಬಳಿ ಎಂಬ ನಾಲ್ಕೈದು ನಿಯಮ ಸಾಕು. "ನಾ ಇಲ್ಲದಾಗ ಇಕಿ ಹೇಳೂದು ನನ್ನ ಮಾತು" ಎಂದು ಮಕ್ಕಳ ಎದುರೇ ಹೇಳಿಹೋಗಬೇಕು. ಆಗ ಅವಳು ತನ್ನ ಅಧಿಕಾರ ಚಲಾಯಿಸಿದಂತಾಗುವುದಿಲ್ಲ, ಅಪ್ಪನ ಮಾತು ನೆನಪಿಸಿದಂತಾಗುತ್ತದೆ. ದಿನಕ್ಕೊಮ್ಮೆ ಅಪ್ಪ ಮಗುವಿನ ಜೊತೆ ಪ್ರತ್ಯೇಕವಾಗಿ ಫೋನಿನಲ್ಲಿ ಮಾತಾಡಲಿ. ಆ ಮಾತು "ಅವ್ವಗ ಕಾಡಿದಿ ಏನು?" ಎಂಬ ವಿಚಾರಣೆಯಿಂದ ಶುರುವಾಗದಿರಲಿ.

ಜಗಳ ಬಿಸಿಯಾಗಿದ್ದಾಗ

ನೇಯುವಾಗ ಎಳೆ ಹರಿದರೆ ನೇಕಾರ ಮೊದಲು ಮಗ್ಗ ನಿಲ್ಲಿಸುತ್ತಾನೆ, ಆಮೇಲೆ ಗಂಟು ಹಾಕುತ್ತಾನೆ. ಓಡುವ ಮಗ್ಗದಲ್ಲಿ ಕೈ ಹಾಕಿದರೆ ಬಟ್ಟೆಯೂ ಕೆಡುತ್ತದೆ, ಕೈಯೂ ಹೋಗುತ್ತದೆ. ಮಾತು ಏರಿದಾಗ ಮಾಡಬೇಕಾದುದೂ ಅಷ್ಟೇ, ಮೊದಲು ನಿಲ್ಲಿಸಿ.

"ನೀ ಯಾರ ನನಗ ಹೇಳಾಕ?" ಎಂದಾಗ ಬಾಯಿಗೆ ಬರುವ ಉತ್ತರ, "ನಿನ್ನ ಅನ್ನಾ ಬೇಯಿಸಿ ಹಾಕಾಕಿ." ಆ ಮಾತು ಆಡಿದ ದಿನವೇ ಅನ್ನಕ್ಕೆ ಲೆಕ್ಕ ಬರೆದಂತಾಗುತ್ತದೆ. ಬದಲಿಗೆ ದನಿ ತಗ್ಗಿಸಿ, "ನಾ ನಿಮ್ಮವ್ವ ಅಲ್ಲ, ಖರೇನ. ಆಕೀ ಜಾಗಾ ನನಗ ಬ್ಯಾಡ. ಆದ್ರ ಹತ್ತಕ್ಕ ಮೊಬೈಲ್ ಇಡೂದು ನಿಮ್ಮಪ್ಪ ಹಾಕಿದ ನೇಮ. ಬ್ಯಾಡಂದ್ರ ಅವರ ಕೂಡ ಮಾತಾಡು" ಎಂದು ಹೇಳಿ, ಅಲ್ಲಿಂದ ಎದ್ದುಬಿಡಿ. ಮೊಬೈಲ್ ಕಸಿಯಬೇಡಿ. ಅಪ್ಪ ಅದೇ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ಆ ಮಾತನ್ನು ಮುಂದುವರಿಸಲೇಬೇಕು. ಅವನು ಮರೆತರೆ ನೀವು ಎದ್ದುಬಂದದ್ದು ಸೋಲಾಗುತ್ತದೆ.

ಕೆಲವು ಮಾತುಗಳನ್ನು ಎಂಥ ಸಿಟ್ಟಿನಲ್ಲೂ ಆಡಬಾರದು. ತೀರಿಕೊಂಡವರನ್ನು ಅಥವಾ ಬಿಟ್ಟುಹೋದವರನ್ನು ಹಳಿಯಬಾರದು. "ನಿಮ್ಮವ್ವನಂಗ ನೀನೂ" ಎಂಬ ಮಾತು ಮಗುವಿನ ಅರ್ಧ ಮೈಯನ್ನೇ ಬೈದಂತೆ. "ನೀ ಬರಬ್ಯಾಡಾಗಿತ್ತು", "ನಿನ್ನ ಅಜ್ಜಿ ಮನಿಗೆ ಹೋಗು" ಎನ್ನಬಾರದು. ಕಟ್ಟೆಯ ಮೇಲೆ ನಾಲ್ಕು ಜನರ ಎದುರು ಮಗುವಿನ ದೂರು ಹೇಳಬಾರದು. ಸಣ್ಣ ಊರಲ್ಲಿ ಆ ಮಾತು ಸಂಜೆಯೊಳಗೆ ಅವರ ಗೆಳೆಯರ ಕಿವಿ ಮುಟ್ಟುತ್ತದೆ.

ಮಲಗುವ ಜಾಗ, ಓದುವ ಜಾಗ

ಪಾವರ್‌ಲೂಮ್ ಇರುವ ಮನೆಯಲ್ಲಿ ಹಗಲಿಡೀ ಸದ್ದು. ಮಾತು ಕೇಳಿಸಬೇಕಾದರೆ ಕಿರುಚಬೇಕು, ಕಿರುಚಿದ್ದು ಬೈದಂತೆ ಕೇಳಿಸುತ್ತದೆ. ಮುಖ್ಯ ಮಾತುಗಳನ್ನು ಮಗ್ಗ ನಿಂತ ಹೊತ್ತಿಗೆ, ಕರೆಂಟು ಹೋದಾಗ, ಮನೆಯ ಹೊರಗೆ ಆಡಿ. ಮನೆ ಎಷ್ಟೇ ಸಣ್ಣದಿದ್ದರೂ ಮಗುವಿಗೆ ತನ್ನದೇ ಒಂದು ಮೂಲೆ ಬೇಕು: ಬೀಗ ಹಾಕಬಲ್ಲ ಒಂದು ಟ್ರಂಕು, ಪುಸ್ತಕದ ಒಂದು ಮಾಡ, ಬೆನ್ನು ಕೊಟ್ಟು ಕೂರಲು ಒಂದು ಗೋಡೆ. ಅದನ್ನು ಕೇಳದೆ ಯಾರೂ ತೆರೆಯಬಾರದು.

ಹರೆಯದ ಹೆಣ್ಣುಮಗಳಿದ್ದು ಹೊಸದಾಗಿ ಬಂದವರು ಗಂಡಸಾಗಿದ್ದರೆ ಇದು ಇನ್ನೂ ಮುಖ್ಯ. ಬಟ್ಟೆ ಬದಲಿಸುವ, ಸ್ನಾನದ, ಮಲಗುವ ಜಾಗಕ್ಕೆ ಬಾಗಿಲು, ಒಳಚಿಲಕ ಇರಲಿ. ಅದಕ್ಕೆ ಖರ್ಚಾಗುವ ಹಣವನ್ನು ಮದುವೆಯ ಖರ್ಚಿನ ಜೊತೆಗೇ ತೆಗೆದಿಡಿ. ಹುಡುಗಿ ಅವರ ಹತ್ತಿರ ಕೂರಲು, ಜೊತೆಗೆ ಗಾಡಿಯಲ್ಲಿ ಹೋಗಲು ಒಲ್ಲೆನೆಂದರೆ ಒತ್ತಾಯಿಸಬೇಡಿ, ಕಾರಣವನ್ನು ತಾಯಿ ಏಕಾಂತದಲ್ಲಿ ಕೇಳಲಿ. ಹೇಳಿದ್ದನ್ನು ನಂಬಲಿ. 2012ರ ಪೋಕ್ಸೋ ಕಾಯ್ದೆಯಲ್ಲಿ ಮದುವೆಯಿಂದ ಬಂದ ಸಂಬಂಧಿಕರು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆ ಶಿಕ್ಷೆ ಇನ್ನೂ ಕಠಿಣ. ಸಂಸಾರ ಉಳಿಸುವ ಹೆಸರಲ್ಲಿ ಅಂಥದ್ದನ್ನು ಮುಚ್ಚಿಡುವುದು ಮಗುವಿಗೆ ಬಗೆಯುವ ದ್ರೋಹ.

ಫೋಟೊ, ಹಬ್ಬ, ಕರೆಯುವ ಹೆಸರು

ತೀರಿಕೊಂಡವರ ಫೋಟೊ ಗೋಡೆಯ ಮೇಲೇ ಇರಲಿ. ಹೊಸಬರು ತಾವಾಗಿ ಅದಕ್ಕೆ ಹೂ ಏರಿಸಿದರೆ ಹತ್ತು ಬುದ್ಧಿಮಾತು ಮಾಡದ ಕೆಲಸ ಆಗುತ್ತದೆ. ಮಹಾಲಯ ಅಮಾವಾಸ್ಯೆಯ ಎಡೆಗೆ ಏನು ಮಾಡಬೇಕೆಂದು ಮಕ್ಕಳನ್ನೇ ಕೇಳಿ, ಅವರವ್ವನಿಗೆ ಇಷ್ಟವಾದದ್ದು ಅವರಿಗೆ ಗೊತ್ತಿರುತ್ತದೆ. ಪಂಚಮಿಗೆ ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡುವಾಗ ತಾಯಿ ಇಲ್ಲದ ಹುಡುಗಿಗೆ ಸಂಕಟವಾಗುತ್ತದೆ. ಅವಳ ತಾಯಿಯ ತವರಿಗೆ ಉಂಡಿ ಕಟ್ಟಿಕೊಟ್ಟು ಕಳಿಸಿ. ಅಲ್ಲಿಂದ ಮರಳಿದ ಮೇಲೆ "ನನ್ನ ಬಗ್ಗೆ ಏನಂದ್ರು?" ಎಂದು ಕೆದಕಬೇಡಿ.

ಏನೆಂದು ಕರೆಯಬೇಕೆಂಬುದನ್ನು ಮಗುವಿಗೇ ಬಿಡಿ. ಚಿಗವ್ವ, ಕಾಕಾ, ಆಂಟಿ ಯಾವುದಾದರೂ ಸರಿ. ನೆಂಟರ ಎದುರು "ಅವ್ವಾ ಅನ್ನು" ಎಂದು ಒತ್ತಾಯಿಸಿದರೆ ಬಾಯಲ್ಲಿ ಅವ್ವ ಬಂದೀತು, ಮನಸ್ಸು ಅಷ್ಟೇ ದೂರ ಸರಿದೀತು.

ಅಜ್ಜಿ, ಸೋದರಮಾವ ನಮ್ಮ ಕಡೆ ಬಲವಾದ ಸಂಬಂಧಗಳು. ಅವರು ಕಿವಿ ತುಂಬಿದರೆ ಮನೆ ಒಡೆಯುತ್ತದೆ, ಕೈ ಹಿಡಿದರೆ ಮನೆ ನಿಲ್ಲುತ್ತದೆ. ಮದುವೆಗೆ ಮೊದಲೇ ಹಡೆದವರು ಆ ಮನೆಗೆ ಹೋಗಿ, "ಮಕ್ಕಳು ನಿಮ್ಮವರೂ ಹೌದು, ಬರುವುದು–ಹೋಗುವುದು ನಿಲ್ಲುವುದಿಲ್ಲ" ಎಂದು ಮಾತು ಕೊಟ್ಟು ಬರಬೇಕು. ಮೊಮ್ಮಕ್ಕಳು ಕೈತಪ್ಪುತ್ತಾರೆಂಬ ಅವರ ಹೆದರಿಕೆ ಕಳೆದರೆ ಹೊಸಬರ ಮೇಲಿನ ದ್ವೇಷವೂ ತಗ್ಗುತ್ತದೆ. ವಿಚ್ಛೇದನವಾದ ಮನೆಗಳಲ್ಲಿ ಮಗುವಿನ ಕೈಯಲ್ಲಿ ಆ ಮನೆಗೆ ಈ ಮನೆಯ ದೂರು, ಜೀವನಾಂಶದ ತಗಾದೆ ಹೇಳಿ ಕಳಿಸಬೇಡಿ. ದೊಡ್ಡವರ ಮಾತನ್ನು ದೊಡ್ಡವರೇ ಆಡಿಕೊಳ್ಳಲಿ.

ಹೊಲ, ಮನೆ, ಪರಿಹಾರದ ಹಣ

ಹರೆಯದವರ ಸಿಟ್ಟಿನ ಕೆಳಗೆ ಎಷ್ಟೋ ಸಲ ಬಾಯಿಬಿಟ್ಟು ಹೇಳದ ಒಂದು ಪ್ರಶ್ನೆ ಇರುತ್ತದೆ: ನಮ್ಮ ಪಾಲು ಏನಾಗುತ್ತದೆ? ಆಲಮಟ್ಟಿ ಹಿನ್ನೀರಿಗೆ ಜಮೀನು ಕೊಟ್ಟು ಪರಿಹಾರ ಪಡೆದ ಬೀಳಗಿ ಕಡೆಯ ಮನೆಗಳಲ್ಲಿ, ನೀರಾವರಿಯಿಂದ ಎಕರೆಗೆ ಬೆಲೆ ಬಂದ ಜಮಖಂಡಿ–ಮುಧೋಳದ ಮನೆಗಳಲ್ಲಿ ಈ ಅಂಜಿಕೆಗೆ ಕಾರಣವೂ ಇದೆ. ಉತ್ತರ ಹೇಳದಿದ್ದರೆ ಊರವರು ಹೇಳುತ್ತಾರೆ.

ಹಿಂದೂ ಕಾನೂನಿನಲ್ಲಿ ಇರುವುದು ಇಷ್ಟು. 1956ರ ಉತ್ತರಾಧಿಕಾರ ಕಾಯ್ದೆಯಂತೆ ತಂದೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಮೊದಲ ಹೆಂಡತಿಯ ಮಕ್ಕಳು, ಎರಡನೇ ಹೆಂಡತಿಯ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಎಲ್ಲರಿಗೂ ಸಮಪಾಲು. ಕಾನೂನುಬದ್ಧವಾಗಿ ಮದುವೆಯಾದ ಹೆಂಡತಿಗೂ, ಬದುಕಿದ್ದರೆ ಅವರ ತಾಯಿಗೂ ಒಂದೊಂದು ಪಾಲು. ಸಂಗಾತಿ ಕರೆತಂದ ಮಕ್ಕಳು ಮಲತಂದೆಯ ಆಸ್ತಿಗೆ ತಾವಾಗಿಯೇ ಹಕ್ಕುದಾರರಾಗುವುದಿಲ್ಲ. ಅವರಿಗೆ ಕೊಡಬೇಕೆಂದರೆ ಮೃತ್ಯುಪತ್ರವನ್ನೋ ದಾನಪತ್ರವನ್ನೋ ಬರೆಯಬೇಕು. ವಿಧವೆ ಮರುಮದುವೆಯಾದ ಮಾತ್ರಕ್ಕೆ ಮೊದಲ ಗಂಡನಿಂದ ಅವಳಿಗೆ ಬಂದ ಪಾಲು ಹೋಗುವುದಿಲ್ಲ.

ಮಲತಂದೆ, ಮಲತಾಯಿ ಮಗುವಿನ ಸಹಜ ಪೋಷಕರಲ್ಲ ಎಂದು 1956ರ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆ ನೇರವಾಗಿ ಹೇಳುತ್ತದೆ. ಆದ್ದರಿಂದ ಶಾಲೆ, ಹಾಸ್ಟೆಲ್, ಬ್ಯಾಂಕಿನ ಕಾಗದಗಳಿಗೆ ಹಡೆದವರೇ ಸಹಿ ಹಾಕಲಿ. ಪಾಲಕರ ಸಭೆಗೆ ಇಬ್ಬರೂ ಹೋಗಬಹುದು. ಮಗುವಿನ ಸ್ವಂತ ಪಾಲಿಗೆ ಬಂದ ಹೊಲವನ್ನು ಹಡೆದ ತಾಯಿಯೂ ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವಂತಿಲ್ಲ.

ಇದನ್ನೆಲ್ಲ ಹದಿನಾರರ ಮಗುವಿನ ಎದುರು ಉತಾರ ಬಿಡಿಸಿಟ್ಟು ಒಮ್ಮೆ ಹೇಳಿ. ಗುಟ್ಟು ಮಾಡಿದಷ್ಟು ಸಂಶಯ ಬೆಳೆಯುತ್ತದೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೋರ್ಟಿನಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ಹೊಸ ಕೂಸು ಬಂದಾಗ

ಎರಡನೇ ಸಂಸಾರದಲ್ಲಿ ಕೂಸು ಹುಟ್ಟಿದಾಗ ಹರೆಯದ ಹುಡುಗಿಯ ಕಂಕುಳಿಗೆ ಅದು ತಾನಾಗಿ ಬಂದು ಕೂರುತ್ತದೆ. "ಅಕ್ಕ ಹಿಡೀತಾಳ" ಎಂದು ಎಲ್ಲರೂ ಅನ್ನುತ್ತಾರೆ. ಹಿಡಿಯಲಿ, ಆದರೆ ಅವಳ ಓದಿನ ಹೊತ್ತಿನಲ್ಲಿ ಬೇಡ. ಹಬ್ಬದ ಬಟ್ಟೆ, ಹಾಲಿನ ಲೋಟ, ಟ್ಯೂಷನ್ ಫೀಸು ಇವುಗಳಲ್ಲಿ ಭೇದ ಮಾಡಿದರೆ ಮಕ್ಕಳು ಅದನ್ನು ಎಂದೂ ಮರೆಯುವುದಿಲ್ಲ. ಇಬ್ಬರ ಕಡೆಯ ಮಕ್ಕಳೂ ಒಂದೇ ಮನೆಯಲ್ಲಿದ್ದರೆ ನಿಯಮಗಳೂ ಒಂದೇ ಇರಲಿ. ತನ್ನ ಮಗನಿಗೆ ಒಂದು ನ್ಯಾಯ, ಅವರ ಮಗನಿಗೆ ಇನ್ನೊಂದು ನ್ಯಾಯ ಆದಲ್ಲಿ ಜಗಳ ಮಕ್ಕಳಿಂದ ಗಂಡ–ಹೆಂಡತಿಗೆ ದಾಟುತ್ತದೆ.

ಎರಡು ತಪ್ಪು ದಾರಿ

ಜಗಳ ತಾಳಲಾರದೆ ಹುಡುಗನನ್ನು ಹಾಸ್ಟೆಲಿಗೆ ಹಾಕುವುದು ಒಂದು. ಓದಿಗಾಗಿ, ಅವನೂ ಒಪ್ಪಿ ಹೋದರೆ ಹಾಸ್ಟೆಲ್ ಒಳ್ಳೆಯದೇ. ಮನೆಯಿಂದ ದೂರವಿಡಲೆಂದು ಕಳಿಸಿದರೆ "ನನ್ನನ್ನು ತೆಗೆದುಹಾಕಿದರು" ಎಂಬುದು ಅವನಿಗೆ ಖಾತ್ರಿಯಾಗುತ್ತದೆ. ಹಾಗೆ ಕಳಿಸಬೇಕಾಗಿ ಬಂದರೆ ಅವನ ಟ್ರಂಕು, ಅವನ ಮೂಲೆ ಮನೆಯಲ್ಲಿ ಹಾಗೇ ಇರಲಿ, ಪ್ರತಿ ರಜೆಗೆ ಹಡೆದವರೇ ಹೋಗಿ ಕರೆತರಲಿ.

ಹುಡುಗಿಯನ್ನು ಬೇಗ ಮದುವೆ ಮಾಡಿ ಹೊಣೆ ಕಳೆದುಕೊಳ್ಳುವುದು ಇನ್ನೊಂದು. ಇದು ಅಪರಾಧ. ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ. ಕರ್ನಾಟಕದ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮನೆಯ ಜಗಳಕ್ಕೆ ಒಂದು ಹುಡುಗಿಯ ಇಡೀ ಬದುಕನ್ನು ಬೆಲೆಯಾಗಿ ಕೊಡುವುದು ಯಾವ ನ್ಯಾಯ?

ಯಾವಾಗ ಹೊರಗಿನ ಸಹಾಯ ಬೇಕು

ಮಗು ಊಟ–ನಿದ್ದೆ ಬಿಟ್ಟು ವಾರಗಳಾದರೆ, ಶಾಲೆಗೆ ಹೋಗುವುದು ನಿಂತರೆ, ಕುಡಿತಕ್ಕೆ ಗುಟ್ಕಾಕ್ಕೆ ಬಿದ್ದರೆ, ಮನೆ ಬಿಟ್ಟು ಓಡಿದರೆ, ಕೈ ಕುಯ್ದುಕೊಂಡರೆ, "ಸಾಯ್ತೀನಿ" ಎಂದರೆ ಕಾಯಬೇಡಿ. ಕೊನೆಯ ಮಾತನ್ನು ಬೆದರಿಕೆ ಎಂದು ಎಂದೂ ತಳ್ಳಿಹಾಕಬೇಡಿ. ಒಬ್ಬರು ಜೊತೆಗೇ ಇರಿ, ಮನೆಯಲ್ಲಿರುವ ಕೀಟನಾಶಕದ ಡಬ್ಬಿಗಳನ್ನು ಕೂಡಲೇ ಬೀಗದೊಳಗೆ ಇಡಿ. ಹೊಲಮನೆಗಳಲ್ಲಿ ಇದು ಜೀವ ಉಳಿಸುವ ಕೆಲಸ.

2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವೂ ಮಾಡಬಹುದು, ನೀವೂ ಮಾಡಬಹುದು. 10ರಿಂದ 19 ವಯಸ್ಸಿನವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಯ ವ್ಯವಸ್ಥೆ ಇದೆ. ಹೋಗುವ ಮೊದಲು ಆಶಾ ಕಾರ್ಯಕರ್ತೆಯ ಬಳಿ ವಿಚಾರಿಸಿಕೊಳ್ಳಿ. ಮಗುವಿಗೆ ಹೊಡೆತ, ಉಪವಾಸ, ಲೈಂಗಿಕ ಕಿರುಕುಳ, ಬಾಲ್ಯವಿವಾಹದ ಸಿದ್ಧತೆ ಇದ್ದರೆ 1098, ಹೆಣ್ಣುಮಗಳು ತಾನೇ ಹಿಂಸೆಗೆ ಸಿಲುಕಿದ್ದರೆ 181, ತಕ್ಷಣದ ಅಪಾಯಕ್ಕೆ 112.

ಹೊಸದಾಗಿ ಬಂದವರಿಗೂ ಒಂದು ಮಾತು. ನಿಮ್ಮ ನೋವು ಸಣ್ಣದಲ್ಲ. ಬೇರೆಯವರ ಮಗುವಿನ ಸಿಟ್ಟನ್ನು ದಿನವೂ ನುಂಗಿ, ಮತ್ತೆ ಬೆಳಿಗ್ಗೆ ಅದೇ ಮಗುವಿಗೆ ರೊಟ್ಟಿ ಬಡಿಯುವುದಕ್ಕೆ, ಫೀಸು ಕಟ್ಟುವುದಕ್ಕೆ ದೊಡ್ಡ ಮನಸ್ಸು ಬೇಕು. ಅದನ್ನು ಹೇಳಿಕೊಳ್ಳಲು ನಿಮ್ಮ ಅಕ್ಕತಂಗಿಯೋ ಗೆಳತಿಯೋ ಗೆಳೆಯನೋ ಒಬ್ಬರು ಇರಲಿ. ನಿಮಗೆ ಬೇಕಾದ ಬೆಂಬಲವನ್ನು ಮಗುವಿನಿಂದ ಕೇಳಬೇಡಿ, ಸಂಗಾತಿಯಿಂದ ಕೇಳಿ. ಅದು ನಿಮ್ಮ ಹಕ್ಕು.

ಹಡೆದವರೇ, ಕೊನೆಯದಾಗಿ ನಿಮಗೆ. ಈ ಮದುವೆ ನಿಮ್ಮ ಆಯ್ಕೆ, ಮಗುವಿನದಲ್ಲ. ಆ ಇಬ್ಬರನ್ನು ಒಂದೇ ಮನೆಗೆ ತಂದವರು ನೀವು. ಆದ್ದರಿಂದ ಇವತ್ತು ಮಗುವಿನ ಜೊತೆ ಒಂದು ತಾಸು ಒಬ್ಬರೇ ಕೂರಿ, ಹೊಸ ನಿಯಮಗಳನ್ನು ನಿಮ್ಮ ಬಾಯಿಂದಲೇ ಹೇಳಿ, ಅವರ ದೂರನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ. ಮುಂದಿನ ವಾರವೂ ಹಾಗೆಯೇ ಮಾಡಿ. ಈ ಕೆಲಸವನ್ನು ನಿಮ್ಮ ಬದಲು ಇನ್ನೊಬ್ಬರು ಮಾಡಲಾರರು.